ಸಣ್ಣದಿರುವಾಗ ಹಾರ್ಟ್ ಆಪರೇಷನ್ ಆದ ಮಗಳು: ಈಗ 24, ಮುಂದೇನು?

ಪ್ರಶ್ನೆ: ಡಾಕ್ಟ್ರೇ, ನನ್ನ ಮಗಳಿಗೆ ಈಗ 24 ವರ್ಷ. ಸಣ್ಣದಿರುವಾಗ ಅಂಗಳದಲ್ಲಿ ನಾಲ್ಕು ಹೆಜ್ಜೆ ಓಡಿದರೆ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದಳು, ತುಟಿಯೆಲ್ಲ ನೇರಳೆ ಹಣ್ಣು ತಿಂದ ಹಾಗೆ ಆಗುತ್ತಿತ್ತು. ಎರಡೂವರೆ ವರ್ಷಕ್ಕೆ ಬೆಂಗಳೂರಿನಲ್ಲಿ ಎದೆ ಕೊಯ್ದು ಆಪರೇಷನ್ ಮಾಡಿಸಿದೆವು. ಹನ್ನೆರಡು ವರ್ಷದವರೆಗೆ ಚೆಕಪ್ಪಿಗೆ ಹೋದೆವು, ಆಮೇಲೆ ಹುಷಾರಿದ್ದಾಳಲ್ಲ ಅಂತ ಬಿಟ್ಟೆವು. ಈಗ ಮಣಿಪಾಲದಲ್ಲಿ ಕೆಲಸ. ಆಫೀಸಿನ ಮೂರನೇ ಮಾಳಿಗೆಗೆ ಹತ್ತುವಾಗ ಮಧ್ಯೆ ಒಮ್ಮೆ ನಿಲ್ಲುತ್ತಾಳೆ, ಅಷ್ಟೆ. ಒಂದು ಒಳ್ಳೆಯ ಸಂಬಂಧ ಬಂದಿದೆ. ಅದಕ್ಕೆ ಮೊದಲು ಒಮ್ಮೆ ತೋರಿಸುವ ಅಂತ ಹೋದರೆ ಇಸಿಜಿ ನೋಡಿ "ಬ್ಲಾಕ್ ಉಂಟು" ಅಂದರು. ಎಕೋದಲ್ಲಿ "ಟಾಫ್ ರಿಪೇರ್ ಆಗಿದೆ, ಸಿವಿಯರ್ ಪಿಆರ್" ಅಂತ ಬರೆದಿದ್ದಾರೆ. ಆಪರೇಷನ್ ಫೇಲ್ ಆಯಿತಾ? ಇನ್ನೊಮ್ಮೆ ಎದೆ ಕೊಯ್ಯಬೇಕಾ? ಮದುವೆ, ಮಕ್ಕಳು ಆಗಬಹುದಾ? ಹುಡುಗನ ಕಡೆಯವರಿಗೆ ಹೇಳಬೇಕಾ, ಬೇಡವಾ?
ಒಬ್ಬ ತಾಯಿ, ಕಟಪಾಡಿ

ಉತ್ತರ: ಆಪರೇಷನ್ ಫೇಲ್ ಆಗಿಲ್ಲ ಅಮ್ಮಾ. ಮೊದಲು ಅದನ್ನು ಮನಸ್ಸಿನಿಂದ ತೆಗೆದುಬಿಡಿ. ಇಪ್ಪತ್ತೊಂದು ವರ್ಷ ಅವಳು ಓಡಾಡಿ, ಓದಿ, ಕೆಲಸ ಹಿಡಿದು, ಮದುವೆಯ ಮಾತಿನವರೆಗೆ ಬಂದಿದ್ದಾಳೆಂದರೆ ಅಂದು ಆದ ಕೆಲಸ ಚೆನ್ನಾಗಿಯೇ ಆಗಿದೆ. ಆದರೆ ಒಂದು ಮಾತನ್ನು ಆಗ ನಿಮಗೆ ಯಾರೂ ಬಿಡಿಸಿ ಹೇಳಿರಲಿಕ್ಕಿಲ್ಲ. ಹೇಳಿದ್ದರೂ ಮಗು ಉಳಿಯಿತಲ್ಲ ಎಂಬ ಸಮಾಧಾನದಲ್ಲಿ ಅದು ಕಿವಿಗೆ ಬಿದ್ದಿರಲಿಕ್ಕಿಲ್ಲ. ಅವಳ ಹೃದಯಕ್ಕೆ ಆದದ್ದು ರಿಪೇರಿ. ಎಕೋ ಬರೆದವರೂ ಅದೇ ಪದ ಹಾಕಿದ್ದಾರೆ ನೋಡಿ. ರಿಪೇರಿ ಆದ ವಸ್ತುವನ್ನು ಆಗಾಗ ತೆಗೆದು ನೋಡಬೇಕು. ನೀವು ಹನ್ನೆರಡು ವರ್ಷ ನೋಡಲಿಲ್ಲ. ನಿಮ್ಮನ್ನು ಬೈಯುತ್ತಿಲ್ಲ, ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರ ಕಥೆ ಇದೇ. ಮಗು ಹುಷಾರಾಗಿದ್ದರೆ ಆಸ್ಪತ್ರೆಯ ಮೆಟ್ಟಿಲು ಹತ್ತಲಿಕ್ಕೆ ಯಾರಿಗೆ ಮನಸ್ಸು ಬರುತ್ತದೆ?

ಟಾಫ್ ಅಂದರೆ ಟೆಟ್ರಾಲಜಿ ಆಫ್ ಫ್ಯಾಲೊ. 1888ರಲ್ಲಿ ಇದನ್ನು ವಿವರವಾಗಿ ಬರೆದ ಫ್ರೆಂಚ್ ವೈದ್ಯ ಫ್ಯಾಲೊ ಹೆಸರು ಅಂಟಿಕೊಂಡಿದೆ. ಊರಲ್ಲಿ "ಹಾರ್ಟಿನಲ್ಲಿ ತೂತು" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ, ಆದರೆ ಬರೀ ತೂತು ಬೇರೆ, ಇದು ಬೇರೆ. ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ದೊಡ್ಡ ತೂತು; ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಇಕ್ಕಟ್ಟು; ದೇಹಕ್ಕೆ ರಕ್ತ ಒಯ್ಯುವ ಮಹಾಧಮನಿ ಆ ತೂತಿನ ಮೇಲೆಯೇ ಸವಾರಿ; ಇಕ್ಕಟ್ಟಿನ ವಿರುದ್ಧ ತಳ್ಳಿ ತಳ್ಳಿ ದಪ್ಪಗಾದ ಬಲಕೋಣೆ. ಹೀಗೆ ನಾಲ್ಕು. ಶ್ವಾಸಕೋಶದ ದಾರಿ ಇಕ್ಕಟ್ಟಾದಾಗ ಕೆಟ್ಟ ರಕ್ತ ತೂತಿನ ಮೂಲಕ ಮಹಾಧಮನಿಗೆ ನುಗ್ಗುತ್ತದೆ, ತುಟಿ ನೀಲಿಯಾಗುತ್ತದೆ. ಅಂಗಳದಲ್ಲಿ ಅವಳು ಕುಕ್ಕರಗಾಲಲ್ಲಿ ಕೂರುತ್ತಿದ್ದುದು ಅದಕ್ಕೇ. ಮೊಣಕಾಲು ಮಡಚಿ ಕೂತರೆ ಕಾಲಿನ ರಕ್ತನಾಳಗಳು ಅಮುಕಿ ದೇಹದ ಕಡೆಯ ಒತ್ತಡ ಏರುತ್ತದೆ. ಆಗ ರಕ್ತ ಬೇರೆ ದಾರಿ ಕಾಣದೆ ಶ್ವಾಸಕೋಶದ ಕಡೆಗೇ ಹೆಚ್ಚು ಹೋಗುತ್ತದೆ. ಎರಡು ವರ್ಷದ ಮಗುವಿಗೆ ಇದನ್ನು ಯಾರೂ ಕಲಿಸಿರಲಿಲ್ಲ, ಅವಳೇ ಕಂಡುಕೊಂಡ ಮದ್ದು ಅದು. ನಾನು ಕಲಿಯುವಾಗ ನಮ್ಮ ಗುರುಗಳು "ಪುಸ್ತಕ ಆಮೇಲೆ ಓದು, ಮೊದಲು ಹೊರಗೆ ಹೋಗಿ ವರಾಂಡದಲ್ಲಿ ಮಕ್ಕಳು ಹೇಗೆ ಕೂತಿದ್ದಾರೆ ನೋಡಿ ಬಾ" ಎನ್ನುತ್ತಿದ್ದರು. ಈಗ ಅಂಥ ಮಕ್ಕಳು ಕಾಣಸಿಗುವುದೇ ಕಮ್ಮಿ. ಬೇಗ ಪತ್ತೆಯಾಗಿ, ಬೇಗ ಆಪರೇಷನ್ ಆಗುತ್ತದೆ.

ಇನ್ನು ಪಿಆರ್. ನಿಮ್ಮದು ಹೊಳೆ, ಸಮುದ್ರ ಎರಡೂ ಹತ್ತಿರ ಇರುವ ಊರು. ಉಬ್ಬರದ ಹೊತ್ತಿಗೆ ಉಪ್ಪು ನೀರು ಮೇಲೆ ಹತ್ತಿ ಗದ್ದೆಗೆ ನುಗ್ಗದ ಹಾಗೆ ಹೊಳೆಗೆ ಅಡ್ಡ ಕಿಂಡಿ ಅಣೆಕಟ್ಟು ಕಟ್ಟಿ ಹಲಗೆ ಇಳಿಸುವುದನ್ನು ನೋಡಿರುತ್ತೀರಿ. ಶ್ವಾಸಕೋಶದ ದಾರಿಯ ಬಾಯಲ್ಲಿರುವ ಪಲ್ಮನರಿ ವಾಲ್ವ್ ಅಂಥದ್ದೇ ಹಲಗೆ. ರಕ್ತವನ್ನು ಮುಂದಕ್ಕೆ ಬಿಡುತ್ತದೆ, ಹಿಂದಕ್ಕೆ ಬಿಡುವುದಿಲ್ಲ. ನಿಮ್ಮ ಮಗಳಿಗೆ ಹುಟ್ಟುವಾಗ ಆ ಬಾಯಿಯೇ ಇಕ್ಕಟ್ಟು. ಸರ್ಜನ್ ತೂತಿಗೆ ತೇಪೆ ಹಾಕಿದರು, ಇಕ್ಕಟ್ಟಾದ ಬಾಯಿಯನ್ನು ಉದ್ದಕ್ಕೆ ಕೊಯ್ದು ಅಗಲ ಮಾಡಿ ಅಲ್ಲಿಗೂ ಒಂದು ತೇಪೆ ಕೂರಿಸಿದರು. ಬಾಯಿ ಅಗಲವಾಯಿತು, ಹಲಗೆ ಹೋಯಿತು. ಅಂದಿನಿಂದ ಪ್ರತಿ ಬಡಿತಕ್ಕೂ ಮುಂದೆ ಹೋದ ರಕ್ತದಲ್ಲಿ ಒಂದು ಪಾಲು ಹಿಂದಕ್ಕೆ, ಬಲಕೋಣೆಗೇ ಬೀಳುತ್ತಿದೆ. ಪಿಆರ್ ಅಂದರೆ ಇಷ್ಟೆ. ಸರ್ಜನ್ನರಿಗೆ ಇದು ಗೊತ್ತಿಲ್ಲದೆ ಆದದ್ದಲ್ಲ. ಇಕ್ಕಟ್ಟು ಹಾಗೇ ಬಿಟ್ಟರೆ ಮಗು ಬದುಕುವುದು ಕಷ್ಟ, ಸೋರಿಕೆಯನ್ನು ಬಲಕೋಣೆ ವರ್ಷಗಟ್ಟಲೆ ಸಹಿಸುತ್ತದೆ. ಎರಡರಲ್ಲಿ ಯಾವುದನ್ನು ಆರಿಸಬೇಕು ಎಂದರೆ ನಾನಾದರೂ ಅದನ್ನೇ ಆರಿಸುತ್ತಿದ್ದೆ.

ಆದರೆ ಸಹನೆಗೂ ಒಂದು ಮಿತಿ ಉಂಟು. ಹೆಚ್ಚುವರಿ ರಕ್ತ ತುಂಬಿ ತುಂಬಿ ಬಲಕೋಣೆ ಹಿಗ್ಗುತ್ತದೆ. ಹತ್ತು, ಹದಿನೈದು, ಇಪ್ಪತ್ತು ವರ್ಷ ಏನೂ ಗೊತ್ತಾಗುವುದಿಲ್ಲ. ಹಿಗ್ಗುತ್ತ ಹೋದ ಮಾಂಸಖಂಡ ಒಂದು ಹಂತ ದಾಟಿದ ಮೇಲೆ ಹೊಸ ವಾಲ್ವ್ ಹಾಕಿದರೂ ಮತ್ತೆ ಮೊದಲಿನ ಹಾಗೆ ಕುಗ್ಗುವುದಿಲ್ಲ. ಹಾಗಾಗಿ ನಮ್ಮ ಕೆಲಸವೆಲ್ಲ ಆ ಹಂತಕ್ಕೆ ತುಸು ಮೊದಲು ಹಿಡಿಯುವುದು. ತೀರಾ ಬೇಗ ವಾಲ್ವ್ ಹಾಕಿದರೆ ಅದರ ಆಯುಷ್ಯ ಸುಮ್ಮನೆ ಹಾಳು, ತಡವಾದರೆ ಹೃದಯ ಹಾಳು.

"ಮಧ್ಯೆ ಒಮ್ಮೆ ನಿಲ್ಲುತ್ತಾಳೆ, ಅಷ್ಟೆ" ಎಂದು ಬರೆದಿದ್ದೀರಿ. ಆ "ಅಷ್ಟೆ" ನನಗೆ ಅಷ್ಟೆಯಾಗಿ ಕಾಣಲಿಲ್ಲ. ಹುಟ್ಟಿನಿಂದ ಇಂಥ ಹೃದಯ ಇದ್ದವರಿಗೆ ಬೇರೆಯವರ ಸುಸ್ತು ಎಷ್ಟು, ತಮ್ಮದು ಎಷ್ಟು ಎಂದು ಗೊತ್ತಿರುವುದಿಲ್ಲ. ಕೇಳಿದರೆ "ನಂಗೆ ಎಂತ ಇಲ್ಲ ಡಾಕ್ಟ್ರೇ" ಅನ್ನುತ್ತಾರೆ, ಟ್ರೆಡ್‌ಮಿಲ್ ಮೇಲೆ ಹತ್ತಿಸಿದರೆ ಆರು ನಿಮಿಷಕ್ಕೆ ಇಳಿಯುತ್ತಾರೆ. ನಾನು ಬೇರೆ ರೀತಿ ಕೇಳುತ್ತೇನೆ: ಗೆಳತಿಯರ ಜೊತೆ ಬಾವುಟಗುಡ್ಡೆ ಏರು ಹತ್ತುವಾಗ ಮಾತಾಡುತ್ತ ಹತ್ತುತ್ತೀಯಾ, ಸುಮ್ಮನೆ ಹತ್ತುತ್ತೀಯಾ? ಹೋದ ವರ್ಷ ಮೂರನೇ ಮಾಳಿಗೆಗೆ ನಿಲ್ಲದೆ ಹೋಗುತ್ತಿದ್ದೆಯಾ? ಇದನ್ನು ಅವಳ ಹತ್ತಿರ ಕೇಳಿ ನೋಡಿ.

ಈಗ "ಬ್ಲಾಕ್". ಈ ಒಂದು ಪದ ನಮ್ಮ ಜಿಲ್ಲೆಗಳಲ್ಲಿ ಎಷ್ಟು ಮನೆಯವರ ನಿದ್ದೆ ಕೆಡಿಸಿದೆಯೋ. ಬ್ಲಾಕ್ ಅಂದ ಕೂಡಲೇ ಆಂಜಿಯೋಗ್ರಾಂ, ಸ್ಟೆಂಟ್, ಸಾಲ ಎಂದು ಯೋಚನೆ ಓಡುತ್ತದೆ. ಇದು ಆ ಬ್ಲಾಕ್ ಅಲ್ಲ. ಅದು ರಕ್ತನಾಳದ್ದು, ಇದು ಕರೆಂಟಿನ ತಂತಿಯದ್ದು. ತೂತು ಮುಚ್ಚುವಾಗ, ಬಲಕೋಣೆ ಕೊಯ್ಯುವಾಗ ಬಲಗಡೆಗೆ ಹೋಗುವ ವಿದ್ಯುತ್ ಎಳೆಗೆ ಪೆಟ್ಟು ಬೀಳುತ್ತದೆ, ಹಾಗಾಗಿ ಟಾಫ್ ರಿಪೇರಿ ಆದ ಹೆಚ್ಚುಕಡಿಮೆ ಎಲ್ಲರ ಇಸಿಜಿಯಲ್ಲೂ ರೈಟ್ ಬಂಡಲ್ ಬ್ರಾಂಚ್ ಬ್ಲಾಕ್ ಎಂದು ಬರುತ್ತದೆ. ಆಪರೇಷನ್ ಆದ ದಿನದಿಂದಲೇ ಇದ್ದಿರಬೇಕು. ಅದಕ್ಕೆ ಮದ್ದು ಬೇಡ, ಸ್ಟೆಂಟ್ ಬೇಡ. ನಾವು ನೋಡುವುದು ಇಸಿಜಿಯಲ್ಲಿ ಕ್ಯೂಆರ್‌ಎಸ್ ಎಂಬ ಗೆರೆ ಎಷ್ಟು ಅಗಲ ಎಂದು. ವರ್ಷದಿಂದ ವರ್ಷಕ್ಕೆ ಅದು ಅಗಲವಾಗುತ್ತ 180 ಮಿಲಿಸೆಕೆಂಡ್ ದಾಟಿದರೆ ಹೃದಯದ ಲಯ ಅಪಾಯಕಾರಿಯಾಗಿ ತಪ್ಪುವ ಸಾಧ್ಯತೆ ಹೆಚ್ಚು. ಬಲಕೋಣೆ ಹಿಗ್ಗಿದಷ್ಟೂ ಈ ಗೆರೆಯೂ ಹಿಗ್ಗುತ್ತದೆ. ಅದಕ್ಕೇ ಹಳೆಯ ಇಸಿಜಿ ಬೇಕು ಅನ್ನುವುದು. ಇವತ್ತಿನ ಒಂದು ಸಂಖ್ಯೆಗಿಂತ ಹತ್ತು ವರ್ಷದ ಅಂತರದ ಎರಡು ಸಂಖ್ಯೆ ಹೆಚ್ಚು ಹೇಳುತ್ತವೆ. ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಂಡು ತಲೆ ತಿರುಗಿದರೆ, ಕಣ್ಣು ಕತ್ತಲೆ ಬಂದು ಬಿದ್ದರೆ ಮಾತ್ರ ಊಟ ಮಾಡದೆ ಹೀಗಾಯಿತು ಎಂದು ಶರಬತ್ತು ಕುಡಿಸಿ ಕೂರಿಸಬೇಡಿ, ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಬನ್ನಿ.

ಮುಂದಿನ ಪರೀಕ್ಷೆ ಹೃದಯದ ಎಂಆರ್‌ಐ. ಎಕೋ ಎಡಕೋಣೆಯನ್ನು ಚೆನ್ನಾಗಿ ತೋರಿಸುತ್ತದೆ. ಬಲಕೋಣೆ ಎದೆಮೂಳೆಯ ಹಿಂದೆಯೇ ಅಡಗಿ ಕೂತಿದೆ, ಆಕಾರವೂ ಅಂಕುಡೊಂಕು, ಹಾಗಾಗಿ ಅದರ ಗಾತ್ರ ಎಕೋದಲ್ಲಿ ನಿಖರವಾಗಿ ಸಿಗುವುದಿಲ್ಲ. ಎದೆಮೂಳೆ ಹೊಲಿದ ಸ್ಟೀಲ್ ತಂತಿ ಒಳಗೆ ಇರುವುದರಿಂದ ಎಂಆರ್‌ಐ ಆಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಆ ತಂತಿಯಿಂದ ತೊಂದರೆ ಇಲ್ಲ. ಪೇಸ್‌ಮೇಕರ್ ಇದ್ದರೆ ಮಾತ್ರ ಮೊದಲೇ ಹೇಳಬೇಕು. ಎಂಆರ್‌ಐಯಲ್ಲಿ ಬಲಕೋಣೆ ತುಂಬಿದಾಗ ಎಷ್ಟು, ಹಿಂಡಿದ ಮೇಲೆ ಎಷ್ಟು ಉಳಿಯಿತು ಎಂದು ಅಳೆದು ಮೈಯ ಹೊರಮೈ ವಿಸ್ತೀರ್ಣಕ್ಕೆ ಭಾಗಿಸುತ್ತಾರೆ. ತುಂಬಿದಾಗ ಚದರ ಮೀಟರಿಗೆ 160 ಮಿಲಿಲೀಟರ್, ಹಿಂಡಿದ ಮೇಲೆ 80, ಈ ಆಸುಪಾಸಿಗೆ ಬಂದರೆ ತೊಂದರೆ ಏನೂ ಕಾಣದವರಿಗೂ ವಾಲ್ವ್ ಹಾಕುವ ಮಾತು ಎತ್ತುತ್ತೇವೆ. ಸೋರಿಕೆ ಜೋರಾಗಿದ್ದು ಏದುಸಿರೂ ಶುರುವಾಗಿದ್ದರೆ ಈ ಸಂಖ್ಯೆಗಳಿಗೆ ಕಾಯುವುದಿಲ್ಲ. ನಿಮ್ಮ ಮಗಳು ಯಾವ ಗುಂಪಿಗೆ ಸೇರುತ್ತಾಳೆ ಎಂದು ಟ್ರೆಡ್‌ಮಿಲ್ ಮತ್ತು ಎಂಆರ್‌ಐ ಆದ ಮೇಲೆ ಹೇಳಬಹುದು. ಪತ್ರ ಓದಿ ಹೇಳುವುದಾದರೆ, ಇವತ್ತಲ್ಲ ನಾಳೆ ಅವಳಿಗೊಂದು ವಾಲ್ವ್ ಬೇಕಾದೀತು ಎಂದೇ ನನ್ನ ಅಂದಾಜು.

ವಾಲ್ವ್ ಎಂದರೆ ಮತ್ತೆ ಎದೆ ಕೊಯ್ಯುವುದೇ ಎಂದಿಲ್ಲ. 2000ದಲ್ಲಿ ಪ್ಯಾರಿಸ್ಸಿನಲ್ಲಿ ಬೋನ್‌ಹೋಫರ್ ಎಂಬ ವೈದ್ಯರು ಹನ್ನೆರಡು ವರ್ಷದ ಹುಡುಗನೊಬ್ಬನಿಗೆ ತೊಡೆಯ ರಕ್ತನಾಳದಿಂದ ಕೊಳವೆ ತೂರಿಸಿ ಪಲ್ಮನರಿ ವಾಲ್ವ್ ಕೂರಿಸಿದರು. ಅಲ್ಲಿಂದ ಈ ದಾರಿ ತೆರೆಯಿತು. ಈಗ ನಮ್ಮ ದೇಶದಲ್ಲೇ ತಯಾರಾದ, ಬಲೂನಿನಿಂದ ಅರಳಿಸಿ ಕೂರಿಸುವ ವಾಲ್ವ್‌ಗಳನ್ನೂ ಈ ಜಾಗದಲ್ಲಿ ಬಳಸುತ್ತಾರೆ. ಎಲ್ಲರಿಗೂ ಆಗುತ್ತದೆ ಎಂದು ಹೇಳಲಾರೆ. ತೇಪೆ ಹಾಕಿದ ಬಾಯಿ ಹಿಗ್ಗಿ ವಿಪರೀತ ಅಗಲವಾಗಿದ್ದರೆ ವಾಲ್ವ್ ಹಿಡಿದು ನಿಲ್ಲುವುದಿಲ್ಲ. ಹೃದಯಕ್ಕೇ ರಕ್ತ ಕೊಡುವ ಕರೊನರಿ ನಾಳ ಪಕ್ಕದಲ್ಲೇ ಹಾದುಹೋಗಿದ್ದರೆ ಹೊಸ ವಾಲ್ವ್ ಅದನ್ನು ಅಮುಕಿಬಿಡಬಹುದು. ಅದಕ್ಕೆ ಮೊದಲು ಒಂದು ಬಲೂನು ಉಬ್ಬಿಸಿ, ಕರೊನರಿಗೆ ಬಣ್ಣ ಬಿಟ್ಟು ನೋಡಿಯೇ ಮುಂದುವರಿಯುತ್ತಾರೆ. ಆಗುವುದಿಲ್ಲ ಎಂದಾದರೆ ಸರ್ಜರಿ. ಎರಡನೇ ಸಲ ಎದೆ ತೆರೆಯುವಾಗ ಹೃದಯ ಮೂಳೆಯ ಹಿಂಬದಿಗೆ ಅಂಟಿಕೊಂಡಿರುತ್ತದೆ, ನುರಿತ ಕೈ ಬೇಕು, ಆದರೆ ಅನುಭವ ಇರುವ ಕಡೆ ಇದನ್ನು ನಿತ್ಯ ಮಾಡುತ್ತಾರೆ. ಸಾಮಾನ್ಯವಾಗಿ ಹಾಕುವುದು ಪ್ರಾಣಿಗಳ ಅಂಗಾಂಶದಿಂದ ಮಾಡಿದ ವಾಲ್ವ್. ಹತ್ತು ಹದಿನೈದು ವರ್ಷಕ್ಕೆ ಸವೆಯುತ್ತದೆ, ಆಗ ಅದರೊಳಗೇ ಇನ್ನೊಂದನ್ನು ತೊಡೆಯ ಮೂಲಕ ಕೂರಿಸಬಹುದು. ಲೋಹದ ವಾಲ್ವ್ ಬಾಳುತ್ತದೆ, ಆದರೆ ಜೀವನಪೂರ್ತಿ ರಕ್ತ ತೆಳುವಾಗುವ ವಾರ್ಫರಿನ್ ಬೇಕು. ಬಸಿರಿನ ಮೊದಲ ತಿಂಗಳುಗಳಲ್ಲಿ ಆ ಮಾತ್ರೆ ಮಗುವಿನ ಬೆಳವಣಿಗೆಗೆ ಕೆಡುಕು. ಮಕ್ಕಳು ಬೇಕು ಎನ್ನುವ ಹುಡುಗಿಗೆ ಈ ಜಾಗಕ್ಕೆ ಅಂಗಾಂಶದ ವಾಲ್ವೇ ಸರಿ.

ಆಯುಷ್ಯದ ಬಗ್ಗೆ ನೀವು ಬಾಯಿಬಿಟ್ಟು ಕೇಳಿಲ್ಲ, ಆದರೆ ಪತ್ರದ ಎಲ್ಲ ಪ್ರಶ್ನೆಗಳ ಹಿಂದೆ ಅದೇ ಇದೆ. ಟಾಫ್‌ನ ಮೊದಲ ಪೂರ್ತಿ ರಿಪೇರಿ ಆದದ್ದು 1954ರಲ್ಲಿ, ಅಮೆರಿಕದ ಮಿನೆಸೋಟದಲ್ಲಿ ಲಿಲೆಹೈ ಎಂಬ ಸರ್ಜನ್ ಮಾಡಿದ್ದು. ಹಾರ್ಟ್-ಲಂಗ್ ಯಂತ್ರ ಇನ್ನೂ ಬಳಕೆಗೆ ಬಂದಿರಲಿಲ್ಲ. ಅವರ ಹೆಚ್ಚಿನ ಆಪರೇಷನ್ನುಗಳಲ್ಲಿ ಅಪ್ಪ ಅಥವಾ ಅಮ್ಮನನ್ನು ಪಕ್ಕದ ಮೇಜಿನಲ್ಲಿ ಮಲಗಿಸಿ, ಮಗುವಿನ ರಕ್ತವನ್ನು ಅವರ ದೇಹದ ಮೂಲಕ ಹಾಯಿಸುತ್ತಿದ್ದರು. ಅಮ್ಮನ ಹೃದಯವೇ ಮಗುವಿಗೆ ಯಂತ್ರ. ಅಂಥ ಕಾಲದಲ್ಲಿ, 1955ರಿಂದ 1960ರ ನಡುವೆ ಮೇಯೊ ಕ್ಲಿನಿಕ್ಕಿನಲ್ಲಿ ರಿಪೇರಿ ಆಗಿ ಮೊದಲ ತಿಂಗಳು ದಾಟಿದವರ ಲೆಕ್ಕ 1993ರಲ್ಲಿ ಪ್ರಕಟವಾಯಿತು. 32 ವರ್ಷಗಳ ನಂತರ ನೂರಕ್ಕೆ 86 ಮಂದಿ ಬದುಕಿದ್ದರು. ಅದೇ ವಯಸ್ಸಿನ ಸಾಮಾನ್ಯ ಜನರಲ್ಲಿ 96. ಹನ್ನೆರಡು ವರ್ಷ ದಾಟಿದ ಮೇಲೆ ಆಪರೇಷನ್ ಆದವರಲ್ಲಿ ಮಾತ್ರ ಅದು 76ಕ್ಕೆ ಇಳಿದಿತ್ತು. ಈ 86ನ್ನು ನಿಮ್ಮ ಮಗಳ ಜಾತಕ ಎಂದು ಓದಬೇಡಿ. ಅವಳ ಆಪರೇಷನ್ ಆದದ್ದು ಅದಾಗಿ ನಾಲ್ಕು ದಶಕದ ಮೇಲೆ, ಅದೂ ಎರಡೂವರೆ ವರ್ಷಕ್ಕೆ. ಅಂದಿನವರಿಗೆ ಎಂಆರ್‌ಐ ಇರಲಿಲ್ಲ, ತೊಡೆಯಿಂದ ಹಾಕುವ ವಾಲ್ವೂ ಇರಲಿಲ್ಲ.

ಮದುವೆಗೆ ಅಡ್ಡಿ ಇಲ್ಲ. ಮಕ್ಕಳ ವಿಷಯದಲ್ಲಿ ಮಾತ್ರ ಕ್ರಮ ತಪ್ಪಬಾರದು: ಮೊದಲು ಹೃದಯದ ಲೆಕ್ಕ, ಆಮೇಲೆ ಬಸಿರು. ಬಸುರಿಯ ಮೈಯಲ್ಲಿ ರಕ್ತದ ಪ್ರಮಾಣ ನೂರಕ್ಕೆ ನಲವತ್ತೈವತ್ತರಷ್ಟು ಏರುತ್ತದೆ. ಈಗಾಗಲೇ ಹಿಗ್ಗಿದ ಬಲಕೋಣೆಗೆ ಅದು ಆಟಿ ತಿಂಗಳ ನೆರೆ ಇದ್ದ ಹಾಗೆ. ರಿಪೇರಿ ಚೆನ್ನಾಗಿದ್ದು, ಹೃದಯ ಬಲವಾಗಿದ್ದವರು ಒಂಬತ್ತು ತಿಂಗಳು ಆರಾಮವಾಗಿ ದಾಟುತ್ತಾರೆ. ಅಂಥ ಎಷ್ಟೋ ತಾಯಂದಿರು ಮಗುವನ್ನು ಎತ್ತಿಕೊಂಡು ಬಂದು ನನಗೆ ಲಾಡು ಕೊಟ್ಟಿದ್ದಾರೆ. ವಾಲ್ವ್ ಬೇಕು ಎಂದು ಎಂಆರ್‌ಐಯಲ್ಲಿ ಬಂದರೆ ಬಸಿರಿಗೆ ಮೊದಲೇ ಹಾಕಿಸಿಕೊಳ್ಳುವುದು ಲೇಸು. ಹೆರಿಗೆಗೆ ಸಿಸೇರಿಯನ್ ಆಗಲೇಬೇಕು ಎಂದಿಲ್ಲ. ಹೃದಯದ ದೃಷ್ಟಿಯಿಂದ ಹೆಚ್ಚಿನವರಿಗೆ ನಾರ್ಮಲ್ ಹೆರಿಗೆಯೇ ಒಳ್ಳೆಯದು, ನೋವು ಕಡಿಮೆ ಮಾಡುವ ಇಂಜೆಕ್ಷನ್ ಜೊತೆಗೆ. ಆದರೆ ಹೆರಿಗೆ ಡಾಕ್ಟರು ಮತ್ತು ಹೃದಯದ ಡಾಕ್ಟರು ಒಂದೇ ಸೂರಿನಡಿ ಇರುವ ಕಡೆ ಆಗಲಿ.

ಹುಟ್ಟುವ ಮಗುವಿಗೆ ಬರುತ್ತದೆಯೇ? ಯಾವ ದಂಪತಿಗಾದರೂ ನೂರು ಮಕ್ಕಳಲ್ಲಿ ಸುಮಾರು ಒಂದಕ್ಕೆ ಹೃದಯದ ದೋಷ ಇರುತ್ತದೆ. ಟಾಫ್ ಇದ್ದ ತಾಯಿಗೆ ಅದು ಸುಮಾರು 3ರಿಂದ 5. ಇದಕ್ಕೊಂದು ಅಪವಾದ ಉಂಟು. ಟಾಫ್ ಇರುವವರಲ್ಲಿ ನೂರಕ್ಕೆ ಹದಿನೈದರಷ್ಟು ಮಂದಿಗೆ 22ನೇ ಕ್ರೋಮೋಸೋಮಿನ ಒಂದು ಸಣ್ಣ ತುಣುಕು ಇರುವುದಿಲ್ಲ. ಅಂಥವರಿಂದ ಮಗುವಿಗೆ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ. ಅವಳ ಕಾಲದಲ್ಲಿ ಈ ಪರೀಕ್ಷೆ ಎಲ್ಲರಿಗೂ ಮಾಡುತ್ತಿರಲಿಲ್ಲ. ಒಂದು ರಕ್ತ ಪರೀಕ್ಷೆ ಸಾಕು, ಮದುವೆಯ ಗಡಿಬಿಡಿಗೆ ಮೊದಲೇ ಮುಗಿಸಿ. ಬಸುರಿಯಾದಾಗ 18ರಿಂದ 22 ವಾರದ ಒಳಗೆ ಹೊಟ್ಟೆಯಲ್ಲಿರುವ ಮಗುವಿನ ಹೃದಯದ ಎಕೋ ಮಾಡಿಸಬೇಕು. ಮಾಮೂಲಿ ಸ್ಕ್ಯಾನ್ ಬೇರೆ, ಇದು ಬೇರೆ.

ಹುಡುಗನ ಕಡೆಯವರಿಗೆ ಹೇಳಿ. ಇದು ವೈದ್ಯಕೀಯ ಅಲ್ಲ, ನನ್ನ ಅಭಿಪ್ರಾಯ. ಎದೆಯ ನಡುವಿನ ಗಾಯದ ಗೆರೆ ರವಿಕೆಯ ಕತ್ತಿನಲ್ಲಿ ಮುಚ್ಚೀತು. ವರ್ಷಕ್ಕೊಮ್ಮೆಯ ಎಕೋವನ್ನು ಅತ್ತೆ ಮನೆಯಲ್ಲಿ ಹೇಗೆ ಮುಚ್ಚುವುದು? ಮುಚ್ಚಿಟ್ಟು ಮದುವೆಯಾದ ಹುಡುಗಿಯರು ಮೊದಲು ಬಿಡುವುದೇ ಚೆಕಪ್ಪನ್ನು. ಒಬ್ಬಳು ಏಳು ತಿಂಗಳ ಬಸುರಿಯಾಗಿ, ಕಾಲು ಬಾತು, ಮಲಗಲಾರದೆ ಬಂದಳು. ಗಂಡ ಪಕ್ಕದಲ್ಲೇ ನಿಂತಿದ್ದ, ಅವನಿಗೆ ಆಪರೇಷನ್ನಿನ ವಿಷಯವೇ ಗೊತ್ತಿರಲಿಲ್ಲ. ತಾಯಿ, ಮಗು ಇಬ್ಬರೂ ಉಳಿದರು, ಆ ಮನೆಯಲ್ಲಿ ಮಾತು ಮಾತ್ರ ಬಹಳ ದಿನ ಸರಿಯಾಗಲಿಲ್ಲ. "ಹಾರ್ಟ್ ಪೇಶೆಂಟ್" ಎಂದು ಬ್ರೋಕರ ಬಾಯಿಂದ ಅವರಿಗೆ ತಿಳಿಯುವುದಕ್ಕಿಂತ ನಿಮ್ಮಿಂದ ತಿಳಿಯಲಿ. ಬೇಕಾದರೆ ಹುಡುಗನನ್ನೂ ಕರೆದುಕೊಂಡು ಬನ್ನಿ, ನಾನೇ ಚಿತ್ರ ಬರೆದು ವಿವರಿಸುತ್ತೇನೆ. ಎದುರು ಕೂತು ಕೇಳಿದ ಹುಡುಗರು ನಾವು ಅಂದುಕೊಂಡಷ್ಟು ಹೆದರುವುದಿಲ್ಲ.

ಈ ವಿಷಯದಲ್ಲಿ ಬೇರೆ ತಾಯಂದಿರೂ ಬರೆಯುತ್ತಾರೆ, ಅವರಿಗೂ ಎರಡು ಮಾತು. ಎಲ್ಲ ನೀಲಿ ಮಕ್ಕಳ ಹಾದಿ ಒಂದೇ ಅಲ್ಲ. ಮಹಾಧಮನಿ ಮತ್ತು ಪಲ್ಮನರಿ ನಾಳ ಅದಲುಬದಲಾಗಿ ಹುಟ್ಟಿದ ಮಕ್ಕಳಿಗೆ ಈಗ ಹುಟ್ಟಿದ ಕೆಲವೇ ವಾರಗಳಲ್ಲಿ ಎರಡನ್ನೂ ಕತ್ತರಿಸಿ ಸರಿಯಾದ ಜಾಗಕ್ಕೆ ಜೋಡಿಸುತ್ತಾರೆ. 1975ರಲ್ಲಿ ಬ್ರೆಜಿಲ್‌ನ ಜಟೆನೆ ಮೊದಲು ಯಶಸ್ವಿಯಾಗಿ ಮಾಡಿದ್ದು. ಇವರು ಬೆಳೆದ ಮೇಲೆ ಸಾಮಾನ್ಯವಾಗಿ ಚೆನ್ನಾಗಿರುತ್ತಾರೆ, ಜೋಡಿಸಿದ ಕರೊನರಿ ಮತ್ತು ಧಮನಿಯ ಬುಡವನ್ನು ನೋಡುತ್ತಿರಬೇಕು. ಅದಕ್ಕೆ ಮೊದಲಿನ ಕಾಲದ, ನಾಳಗಳನ್ನು ಹಾಗೇ ಬಿಟ್ಟು ಮೇಲಿನ ಕೋಣೆಗಳಲ್ಲೇ ರಕ್ತದ ದಾರಿ ತಿರುಗಿಸುವ ಮಸ್ಟರ್ಡ್, ಸೆನ್ನಿಂಗ್ ಆಪರೇಷನ್ ಆದವರ ಕಥೆ ಬೇರೆ. ಅವರಲ್ಲಿ ಬಲಕೋಣೆಯೇ ಜೀವನಪೂರ್ತಿ ಇಡೀ ದೇಹಕ್ಕೆ ರಕ್ತ ತಳ್ಳಬೇಕು, ಅದು ಆ ಕೆಲಸಕ್ಕೆ ಹುಟ್ಟಿದ್ದಲ್ಲ.

ನನಗೆ ಹೆಚ್ಚು ಚಿಂತೆ ಕೊಡುವವರು ಫಾಂಟಾನ್ ಆದವರು. ಹೃದಯದ ಎರಡು ಪಂಪುಗಳಲ್ಲಿ ಒಂದೇ ಬೆಳೆದು ಹುಟ್ಟಿದವರಿಗೆ ಮಾಡುವ ಆಪರೇಷನ್ ಇದು. ಫ್ರಾನ್ಸಿನ ಫಾಂಟಾನ್ 1971ರಲ್ಲಿ ಪ್ರಕಟಿಸಿದ್ದು. ಮೈಯಿಂದ ಬರುವ ಕೆಟ್ಟ ರಕ್ತ ಪಂಪಿನ ಸಹಾಯವೇ ಇಲ್ಲದೆ ನೇರ ಶ್ವಾಸಕೋಶಕ್ಕೆ ಇಳಿದುಹೋಗುವ ಹಾಗೆ ನಾಳಗಳನ್ನು ಜೋಡಿಸುತ್ತಾರೆ. ನೀಲಿ ಬಣ್ಣ ಹೋಗುತ್ತದೆ, ಮಗು ಶಾಲೆಗೆ ಹೋಗುತ್ತದೆ. ಆದರೆ ರಕ್ತ ತಳ್ಳುವವರಿಲ್ಲದ್ದರಿಂದ ನಾಳಗಳಲ್ಲಿ ಒತ್ತಡ ಸದಾ ಹೆಚ್ಚು, ಅದರ ಬಿಸಿ ಮೊದಲು ತಟ್ಟುವುದು ಲಿವರಿಗೆ. ಹತ್ತಿಪ್ಪತ್ತು ವರ್ಷದಲ್ಲಿ ಲಿವರ್ ಗಟ್ಟಿಯಾಗುತ್ತ ಹೋಗುತ್ತದೆ, ಕುಡಿತದ ವಾಸನೆಯೂ ಗೊತ್ತಿಲ್ಲದ ಹುಡುಗಿಯರಲ್ಲೂ. ಕೆಲವರಿಗೆ ಕರುಳಿನಿಂದ ಪ್ರೊಟೀನ್ ಸೋರಿ ಹೊಟ್ಟೆ, ಕಾಲು ಬಾಯುತ್ತದೆ. ಇವರಿಗೆ ಮೈಯಲ್ಲಿ ನೀರು ಕಮ್ಮಿಯಾಗುವುದೇ ದೊಡ್ಡ ಶತ್ರು. ನೀರೂ ಕುಡಿಯದೆ ಏಕಾದಶಿ ಮಾಡುವ ಮನೆಗಳು ನಮ್ಮಲ್ಲಿ ಬಹಳ. ಫಾಂಟಾನ್ ಆದ ಮಗುವಿಗೆ ಆ ವ್ರತ ಬೇಡ, ಮಠದಲ್ಲಿ ಕೇಳಿದರೂ ಬೇಡವೆಂದೇ ಹೇಳಿಯಾರು. ಭೇದಿ ಶುರುವಾದರೆ ಓಆರ್‌ಎಸ್ ಕುಡಿಸುತ್ತಲೇ ಆಸ್ಪತ್ರೆಗೆ ಬನ್ನಿ. ಫಾಂಟಾನ್ ಆದ ಹುಡುಗಿಯರು ಗರ್ಭನಿರೋಧಕ ಮಾತ್ರೆಯನ್ನು ಮೆಡಿಕಲ್ಲಿನಿಂದ ತಾವೇ ತಂದು ನುಂಗಬಾರದು. ಈಸ್ಟ್ರೋಜೆನ್ ಇರುವ ಮಾತ್ರೆ ರಕ್ತ ಹೆಪ್ಪುಗಟ್ಟಿಸುತ್ತದೆ.

ಮತ್ತೆ ನಿಮ್ಮ ಮಗಳಿಗೆ ಬರುತ್ತೇನೆ. ಹಲ್ಲು ನೋಡಿಸಿ. ಹೃದಯಕ್ಕೂ ಹಲ್ಲಿಗೂ ಏನು ಸಂಬಂಧ ಎನ್ನಬೇಡಿ, ಹುಳುಕು ಹಲ್ಲಿನಿಂದ ರಕ್ತಕ್ಕಿಳಿದ ಬ್ಯಾಕ್ಟೀರಿಯಾ ತೇಪೆಯ ಮೇಲೆ, ವಾಲ್ವಿನ ಮೇಲೆ ಗೂಡು ಕಟ್ಟುತ್ತದೆ. ಡೆಂಟಲ್ ಕಾಲೇಜುಗಳಿಗೆ ಬರ ಇಲ್ಲದ ಊರುಗಳು ನಮ್ಮವು, ಆರು ತಿಂಗಳಿಗೊಮ್ಮೆ ಹೋಗಲಿಕ್ಕೆ ನೆಪ ಇಲ್ಲ. ಹೊಸ ವಾಲ್ವ್ ಹಾಕಿಸಿಕೊಂಡ ಮೇಲೆ ಹಲ್ಲು ಕೀಳಿಸುವ ಮೊದಲು ಆಂಟಿಬಯೋಟಿಕ್ ಬೇಕು, ಅದನ್ನು ಡೆಂಟಿಸ್ಟರಿಗೆ ಅವಳೇ ಹೇಳಬೇಕು. ಇನ್ನೊಂದು, ಜ್ವರ. ಮಳೆಗಾಲದಲ್ಲಿ ಇಲ್ಲಿ ಜ್ವರ ಅಂದರೆ ಮಲೇರಿಯಾ, ಡೆಂಗೆ, ಇಲಿಜ್ವರ ಎಂದು ಪರೀಕ್ಷೆ ಮಾಡಿ, ಏನೂ ಸಿಗದಿದ್ದರೆ ಐದು ದಿನದ ಆಂಟಿಬಯೋಟಿಕ್ ಕೊಟ್ಟು ಕಳಿಸುತ್ತಾರೆ. ಅವಳಿಗೆ ಕಾರಣ ಸಿಗದ ಜ್ವರ ಬಿಡದೆ ಬಂದರೆ ಮಾತ್ರೆ ಶುರುಮಾಡುವ ಮೊದಲು ಬ್ಲಡ್ ಕಲ್ಚರ್ (ರಕ್ತದಲ್ಲಿ ಕ್ರಿಮಿ ಇದೆಯೇ ಎಂದು ಬೆಳೆಸಿ ನೋಡುವ ಪರೀಕ್ಷೆ) ತೆಗೆಯಲಿ ಎಂದು ಕೇಳಿ. ಒಂದು ಡೋಸ್ ಹೋದ ಮೇಲೆ ಆ ಕ್ರಿಮಿ ಕಲ್ಚರಿನಲ್ಲಿ ಸಿಗುವುದೇ ಕಷ್ಟ.

ವ್ಯಾಯಾಮ ಮಾಡಲಿ, ನಡೆಯಲಿ, ಈಜಲಿ. ಪರೀಕ್ಷೆ ಮುಗಿಯುವವರೆಗೆ ಉಸಿರು ಕಟ್ಟಿ ಭಾರ ಎತ್ತುವುದು ಮಾತ್ರ ಬೇಡ.

ಖರ್ಚಿನ ವಿಷಯ. ಹದಿನೆಂಟರವರೆಗೆ ಮಕ್ಕಳಿಗೆ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ, ಅವಳು ಅದನ್ನು ದಾಟಿದ್ದಾಳೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಉಡುಪಿಯವರಾದ್ದರಿಂದ ಅಜ್ಜರಕಾಡು ಜಿಲ್ಲಾಸ್ಪತ್ರೆಯಿಂದ ರೆಫರಲ್ ಬರೆಸಿಕೊಳ್ಳಿ, ಮಂಗಳೂರಿನವರಿಗೆ ವೆನ್ಲಾಕ್. ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕ್ಕೆಂದೇ ಆರೋಗ್ಯಮಿತ್ರರು ಕೂತಿರುತ್ತಾರೆ. ತೊಡೆಯಿಂದ ಹಾಕುವ ವಾಲ್ವ್ ಪ್ಯಾಕೇಜಿನಲ್ಲಿ ಬರುತ್ತದೆಯೇ ಎಂದು ಅಡ್ಮಿಟ್ ಆಗುವ ಮೊದಲೇ ಕೇಳಿ, ಆಮೇಲೆ ಕೇಳಿ ಪ್ರಯೋಜನ ಇಲ್ಲ.

ಕೊನೆಗೆ, ಈ ಪತ್ರ ಬರೆದವರು ನೀವು. ಹೃದಯ ಅವಳದ್ದು. ನನ್ನ ಕೋಣೆಗೆ ಬರುವ ಇಪ್ಪತ್ತು, ಇಪ್ಪತ್ತೈದು ವರ್ಷದವರನ್ನು "ನಿಮಗೆ ಯಾವ ಆಪರೇಷನ್ ಆಗಿದೆ?" ಎಂದು ಕೇಳಿದರೆ ಹತ್ತರಲ್ಲಿ ಏಳು ಮಂದಿ ತಲೆ ತಿರುಗಿಸಿ ಪಕ್ಕಕ್ಕೆ ನೋಡುತ್ತಾರೆ: "ಅಮ್ಮನಿಗೆ ಗೊತ್ತು." ಅಮ್ಮ ನೆನಪಿಟ್ಟುಕೊಂಡಿರುವುದು ಆಪರೇಷನ್ ಥಿಯೇಟರಿನ ಹೊರಗೆ ಕೂತ ಏಳು ಗಂಟೆಯನ್ನು, ಸಾಲ ಕೊಟ್ಟವರ ಹೆಸರನ್ನು. ಏನು ಕೊಯ್ದರು, ಯಾವ ತೇಪೆ ಹಾಕಿದರು ಎಂಬುದು ಫೈಲಿನಲ್ಲಿ ಉಂಟು. ಆ ಫೈಲು ಈಗ ಅಟ್ಟದ ಮೇಲೆ, ಟ್ರಂಕಿನಲ್ಲಿ, ಜವಳಿ ಅಂಗಡಿಯ ಪ್ಲಾಸ್ಟಿಕ್ ಚೀಲದೊಳಗೆ ಇರಬೇಕು. ಇಳಿಸಿ, ಬಿಸಿಲಿಗೆ ಒಮ್ಮೆ ಹರವಿ, ಮಗಳ ಕೈಗೆ ಕೊಡಿ. ಡಿಸ್ಚಾರ್ಜ್ ಸಮರಿ ಮತ್ತು ಆಪರೇಷನ್ ನೋಟ್ಸ್ ಎರಡನ್ನೂ ಅವಳೇ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಲಿ. ಫೈಲು ಸಿಗದಿದ್ದರೆ ಬೆಂಗಳೂರಿನ ಆಸ್ಪತ್ರೆಯ ರೆಕಾರ್ಡ್ ವಿಭಾಗಕ್ಕೆ ಹೆಸರು ಮತ್ತು ವರ್ಷ ಕೊಟ್ಟು ಪತ್ರ ಬರೆಯಲಿ.

ಬರುವಾಗ ನೀವೂ ಬನ್ನಿ, ಆದರೆ ಒಂದು ಹತ್ತು ನಿಮಿಷ ಹೊರಗೆ ಬೆಂಚಿನಲ್ಲಿ ಕೂರಬೇಕಾದೀತು. ಅಮ್ಮನ ಎದುರು ಕೇಳಲಾಗದ ಪ್ರಶ್ನೆಗಳು ಮದುವೆಯಾಗುವ ಹುಡುಗಿಗೆ ಇರುತ್ತವೆ. ಹಳೆಯ ಇಸಿಜಿ ಸಿಕ್ಕರೆ ಇವತ್ತೇ ಜೆರಾಕ್ಸ್ ಮಾಡಿಸಿ, ಆ ಕಾಗದದ ಬರಹ ತಾನಾಗಿಯೇ ಮಾಸುತ್ತದೆ. ಜೋಪಾನ ಮಾಡುತ್ತೇವೆ ಎಂದು ಲ್ಯಾಮಿನೇಷನ್‌ಗೆ ಮಾತ್ರ ಕೊಡಬೇಡಿ. ಬಿಸಿ ತಾಗಿದರೆ ಅದು ಇಡೀ ಕಪ್ಪಾಗುತ್ತದೆ. ಹೋದ ತಿಂಗಳು ಬೈಂದೂರಿನಿಂದ ಒಬ್ಬರು ಅಂಥದ್ದೊಂದನ್ನು ಬಹಳ ಜೋಪಾನವಾಗಿ ಬಟ್ಟೆಯಲ್ಲಿ ಸುತ್ತಿ ತಂದಿದ್ದರು.